ಕರಾವಳಿಯ ಮನೆಯಂಗಳದಲ್ಲಿ ಟೊಮೆಟೊ

ದಕ್ಷಿಣ ಅಮೆರಿಕೆಯಿಂದ ಹೊರಟು ಯುರೋಪಿನವರ ಮೂಲಕ ನಮ್ಮ ನಾಡಿಗೆ ಬಂದ ಟೊಮೆಟೊವನ್ನು ಹಿರಿಯರು ಚಪ್ಪರಬದನೆ ಎಂದೂ ಕರೆಯುತ್ತಿದ್ದರು. ಹೆಸರು ಅರ್ಥಪೂರ್ಣವಾದುದು, ಅದು ಬದನೆಯ ಕುಲಕ್ಕೇ ಸೇರಿದ ಸಸ್ಯ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪೇಟೆಗೆ ಈ ಹಣ್ಣು ಬಹುಮಟ್ಟಿಗೆ ಬರುವುದು ಘಟ್ಟದ ಮೇಲಿನಿಂದ. 2023ರ ಜುಲೈ ತಿಂಗಳಲ್ಲಿ ಅದರ ಬೆಲೆ ಕಿಲೋಗೆ 100 ರೂಪಾಯಿ ದಾಟಿತ್ತು. ಅಂತಹ ವೇಳೆಯಲ್ಲಿ, ನಮ್ಮ ಅಂಗಳದಲ್ಲಿಯೇ ಏಕೆ ಬೆಳೆಯಬಾರದೆಂಬ ಪ್ರಶ್ನೆ ಏಳುವುದು ಸಹಜ.

ಬೆಳೆಯಬಹುದು. ಆದರೆ ಕರಾವಳಿಯಲ್ಲಿ ಇದಕ್ಕೊಂದು ಪ್ರಬಲ ಶತ್ರುವಿದೆ. ಹೂಬಿಟ್ಟು ನಳನಳಿಸುತ್ತಿದ್ದ ಗಿಡ, ಎಲೆ ಹಳದಿಯಾಗುವ ಮುನ್ನವೇ, ಹಸಿರಾಗಿದ್ದಂತೆಯೇ ಜೋತುಬಿದ್ದು ಸಾಯುತ್ತದೆ. ನೀರು ಸಾಲದೆಂದು ತಿಳಿದು ಇನ್ನಷ್ಟು ನೀರೆರೆದರೆ ಫಲವಿಲ್ಲ. ಇದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಸೊರಗುರೋಗ. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ, ಕೊಯ್ದ ಭಾಗದಿಂದ ಹಾಲಿನಂತಹ ಎಳೆ ಇಳಿಯುತ್ತದೆ. ಅದೇ ರೋಗದ ಗುರುತು. ಇದಕ್ಕೆ ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ. ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು; ಗೊಬ್ಬರದ ಗುಂಡಿಗೆ ಹಾಕಲಾಗದು. ಬದನೆ, ಮೆಣಸು, ಶುಂಠಿ ಬೆಳೆದ ಮಣ್ಣಿನಲ್ಲಿಯೂ ಈ ರೋಗಾಣು ಅಡಗಿರಬಹುದು.

ಆದುದರಿಂದ ಮೊದಲು ಮಣ್ಣನ್ನು ಶುದ್ಧಗೊಳಿಸಬೇಕು. ಇದಕ್ಕೆ ನಮ್ಮ ಹಿರಿಯರ ಸುಡುಮಣ್ಣಿನ ಕ್ರಮವೇ ದಾರಿ. ತರಗೆಲೆ ಮತ್ತು ಮಣ್ಣನ್ನು ಪದರ ಪದರವಾಗಿ ಹರಡಿ ನಿಧಾನವಾಗಿ ಸುಡುವ ಈ ಪದ್ಧತಿಯಲ್ಲಿ ಬಿಸಿಯು ರೋಗಾಣುಗಳನ್ನು ಕುಗ್ಗಿಸುತ್ತದೆ, ಬೂದಿಯು ನಮ್ಮ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ. ಆರಿದ ಸುಡುಮಣ್ಣಿಗೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನೂ ಮರಳನ್ನೂ ಬೆರೆಸಿ, ತಳದಲ್ಲಿ ರಂಧ್ರವಿರುವ ಕುಂಡಕ್ಕೆ ತುಂಬಿ, ಕುಂಡವನ್ನು ಇಟ್ಟಿಗೆಯ ಮೇಲಿಡಬೇಕು.

ಎರಡನೆಯದು ಬೀಜದ ಆಯ್ಕೆ. ಪೇಟೆಯ ಹಣ್ಣು ಹೆಚ್ಚಾಗಿ ಸಂಕರ ತಳಿಯದು. ಅದರ ಬೀಜದಿಂದ ತಾಯಿಯ ಗುಣವೇ ಬರುವುದೆಂಬ ಭರವಸೆಯಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸೊರಗುರೋಗ ತಡೆಯುವ ಅರ್ಕಾ ಆಭಾ, ಅರ್ಕಾ ಆಲೋಕ್ ಎಂಬ ತಳಿಗಳನ್ನು ರೂಪಿಸಿದೆ. ಇವುಗಳ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಸಹ ರೋಗನಿರೋಧಕವೇ. ಆದರೆ ಸಂಕರ ತಳಿಯಾದುದರಿಂದ ಬೀಜವನ್ನು ಪ್ರತಿಬಾರಿ ಕೊಳ್ಳಬೇಕು. ಸಂದೇಹವಿದ್ದವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮೂರನೆಯದು ಕಾಲ. ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಬೇಸಗೆಯ ಬಿಸಿ ರಾತ್ರಿಗಳಲ್ಲಿ ಹೂ ಉದುರುತ್ತದೆ. ನವರಾತ್ರಿಯ ಮೊದಲ ದಿನ ಬೀಜವನ್ನು ಅರ್ಧ ಅಂಗುಲಕ್ಕಿಂತ ಆಳವಾಗದಂತೆ ಬಿತ್ತಿದರೆ ವಾರದೊಳಗೆ ಮೊಳೆಯುತ್ತದೆ. ದೀಪಾವಳಿಯ ಅಮಾವಾಸ್ಯೆಗೆ ಸಸಿಗೆ ತಿಂಗಳು ತುಂಬುತ್ತದೆ. ಅದೇ ನೆಡುವ ಸಮಯ. ಸಂಕ್ರಾಂತಿಯ ಆಸುಪಾಸಿನಲ್ಲಿ ಹಣ್ಣು ಕೈಸೇರುತ್ತದೆ.

ಗಿಡಕ್ಕೆ ಊರುಗೋಲು ಕಟ್ಟಿ, ಪ್ರತಿದಿನ ಬುಡಕ್ಕೆ ಹದವಾಗಿ ನೀರೆರೆಯಬೇಕು. ಒಂದು ದಿನ ಒಣಗಿಸಿ ಮರುದಿನ ತೋಯಿಸಿದರೆ ಕಾಯಿಯ ತುದಿ ಕಪ್ಪಾಗುತ್ತದೆ. ಹೂಬಿಟ್ಟಾಗ ಬೆಳಗಿನ ವೇಳೆ ಗಿಡವನ್ನು ಮೆಲ್ಲನೆ ಅಲುಗಿಸಿದರೆ ಕಾಯಿ ಹೆಚ್ಚು ಕಚ್ಚುತ್ತದೆ.

ಆರೋಗ್ಯವಂತ ಗಿಡದ ಮೊದಲ ಒಳ್ಳೆಯ ಹಣ್ಣನ್ನು ಅಡುಗೆಗೆ ಕೊಯ್ಯದೆ ಬೀಜಕ್ಕೆಂದು ಪೂರ್ಣ ಪಕ್ವವಾಗಲು ಬಿಡಬೇಕು. ತಿರುಳನ್ನು ಎರಡು ಮೂರು ದಿನ ನೀರಿನಲ್ಲಿಟ್ಟು, ಲೋಳೆ ಕಳಚಿದ ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಕಾಗದದಲ್ಲಿ ಕಟ್ಟಿಡಬೇಕು. ಒಂದೇ ಹಣ್ಣಿನಲ್ಲಿ ಹತ್ತಾರು ಮನೆಗಳಿಗೆ ಸಾಲುವಷ್ಟು ಬೀಜವಿರುತ್ತದೆ. ಮುಂದಿನ ನವರಾತ್ರಿಗೆ ಅದನ್ನು ನೆರೆಹೊರೆಯವರೊಡನೆ ಹಂಚಿಕೊಂಡು ಬಿತ್ತೋಣ.