ಬಿಡುಗಡೆಯಾದವರಿಗೆ ಊರು ಎಲ್ಲಿ?

ನಾಸಿಕದ ಶರಣಪುರ ರಸ್ತೆಗೆ ಆ ಹೆಸರು ಬಂದದ್ದು 1854ರಲ್ಲಿ ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ ಕಟ್ಟಿದ ಕ್ರೈಸ್ತ ಹಳ್ಳಿಯಿಂದ. ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದಾಗ ಪಾರಾಗಿ ಮುಂಬೈ ಸೇರಿದ ಆಫ್ರಿಕದ ಮಕ್ಕಳಲ್ಲಿ ಹಲವರು ಬೆಳೆದದ್ದು ಇಲ್ಲೇ. ಬಡಗಿ ಕೆಲಸ, ಕಮ್ಮಾರಿಕೆ, ಇಂಗ್ಲಿಷ್ ಓದು ಎಲ್ಲ ಆಯಿತು. ಊರು ಮಾತ್ರ ಸಿಗಲಿಲ್ಲ.

ಯಹೂದಿಗಳ ಜುಬಿಲಿ ವರ್ಷದ ಬಗ್ಗೆ ಓದಿದಾಗಲೆಲ್ಲ ನನಗೆ ಈ ಮಕ್ಕಳು ನೆನಪಾಗುತ್ತಾರೆ. ಏಳು ಏಳಲ ನಲವತ್ತೊಂಬತ್ತು ವರ್ಷ ಕಳೆದು ಐವತ್ತನೆಯದು ಬಂದಾಗ, ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಂದು ಕೊಂಬು ಊದಬೇಕೆಂದು ಅವರ ಧರ್ಮಗ್ರಂಥ ತೋರಾ ವಿಧಿಸುತ್ತದೆ. ಆ ವರ್ಷ ಬಿತ್ತನೆಯಿಲ್ಲ. ಕೈಬಿಟ್ಟುಹೋದ ಹೊಲ ಮೂಲ ಮನೆತನಕ್ಕೆ ವಾಪಸು. ಬಡತನಕ್ಕೆ ತನ್ನನ್ನೇ ಮಾರಿಕೊಂಡವನು ಸ್ವತಂತ್ರ. ಭೂಮಿ ದೇವರದು, ಮನುಷ್ಯ ಅಲ್ಲಿ ಬಿಡಾರ ಹೂಡಿದವನಷ್ಟೇ. ಆದ್ದರಿಂದ ಹೊಲ ಮಾರಿದರೂ ಕೊಳ್ಳುವವನಿಗೆ ಸಿಗುವುದು ಮುಂದಿನ ಜುಬಿಲಿಯವರೆಗಿನ ಬೆಳೆ ಮಾತ್ರ. ಬೆಲೆಯೂ ಆ ಲೆಕ್ಕದಲ್ಲೇ. ಬಿಡುಗಡೆಯಾದವನು ತನ್ನವರ ಬಳಿಗೆ, ಪೂರ್ವಿಕರ ಹೊಲಕ್ಕೆ ಮರಳಬೇಕು. ಜುಬಿಲಿಯ ಜೀವ ಇರುವುದು ಈ ಮಾತಿನಲ್ಲಿ ಎಂದು ನನಗನ್ನಿಸುತ್ತದೆ. ಆದರೆ ತೋರಾದ ಅದೇ ಅಧ್ಯಾಯ ಪರದೇಶದಿಂದ ಕೊಂಡ ಗುಲಾಮರನ್ನು ಈ ಬಿಡುಗಡೆಯಿಂದ ಹೊರಗಿಟ್ಟಿದೆ, ಅದನ್ನೂ ಹೇಳಲೇಬೇಕು.

ಛತ್ರಪತಿ ಸಂಭಾಜಿನಗರವನ್ನು 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದ ಮಲಿಕ್ ಅಂಬರ್ ಕೂಡ ಇಥಿಯೋಪಿಯದಿಂದ ಗುಲಾಮನಾಗಿ ಬಂದವನು. ಕೈಯಿಂದ ಕೈಗೆ ಮಾರಾಟವಾಗಿ, ಅಹಮದ್‌ನಗರದಲ್ಲಿ ಒಡೆಯ ತೀರಿಕೊಂಡ ಮೇಲೆ ಬಿಡುಗಡೆಯಾಗಿ, ಕೆಲಕಾಲ ಬಿಜಾಪುರದ ಸೇವೆಯಲ್ಲೂ ಇದ್ದ. ನೆಲದಡಿಯ ಕಾಲುವೆಯಿಂದ ಊರಿಗೆ ನೀರು ತಂದ. ಅಷ್ಟೆಲ್ಲ ಆಳಿದವನೂ ಹುಟ್ಟೂರಿಗೆ ಮರಳಲಿಲ್ಲ. 1626ರಲ್ಲಿ ದಖನ್ನಿನಲ್ಲೇ ತೀರಿಕೊಂಡ.

ಶರಣಪುರದವರಲ್ಲಿ ಕೆಲವರು ಆಫ್ರಿಕಕ್ಕೆ ಮರಳಿದರು. ನಾಸಿಕದಲ್ಲಿ ಓದಿದ ಜೇಕಬ್ ವೇನ್‌ರೈಟ್, 1873ರಲ್ಲಿ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕದಲ್ಲಿ ತೀರಿಕೊಂಡಾಗ ಜೊತೆಗಿದ್ದ. ಹೃದಯವನ್ನು ಮರದಡಿ ಹೂಳುವಾಗ ಪ್ರಾರ್ಥನೆ ಓದಿದವನು, ಮರದ ಮೇಲೆ ಹೆಸರು ಕೆತ್ತಿದವನು, ದೇಹದ ಜೊತೆ ಇಂಗ್ಲೆಂಡಿಗೆ ಹೋದವನು ಅವನೇ. ಮರುವರ್ಷ ಪ್ರೈಸ್ ಪೂರ್ವ ಆಫ್ರಿಕಕ್ಕೆ ಹೊರಟ. ಗುಲಾಮಗಿರಿಯಿಂದ ಪಾರಾದವರಿಗಾಗಿ ಮೊಂಬಾಸಾದ ಬಳಿ ಫ್ರೀರ್‌ಟೌನ್ ಎದ್ದಿತು. ನಾಸಿಕದಲ್ಲಿ ಬೆಳೆದ ಅನೇಕರು ಅಲ್ಲಿ ನೆಲೆಸಿದರು. ಹಾಗೆಂದು ಅದು ಅವರ ಹುಟ್ಟೂರಲ್ಲ. ಅವರನ್ನು ಹಿಡಿದೊಯ್ದ ಹಳ್ಳಿಗಳು ದೂರದ ಒಳನಾಡಿನಲ್ಲಿದ್ದವು.

1864ರಲ್ಲೇ ನಾಸಿಕದಿಂದ ಪೂರ್ವ ಆಫ್ರಿಕಕ್ಕೆ ಹೋಗಿದ್ದ ವಿಲಿಯಂ ಜೋನ್ಸ್ ಮುಂದೆ ಹತ್ತಿರದ ರಬಾಯ್‌ನಲ್ಲಿ ಪಾದ್ರಿಯಾದ. ಕರಾವಳಿಯ ಒಡೆಯರಿಂದ ತಪ್ಪಿಸಿಕೊಂಡು ಓಡಿಬಂದವರಿಗೆ ಅಲ್ಲಿ ಆಸರೆ ಸಿಗುತ್ತಿತ್ತು. 1889ರ ಹೊತ್ತಿಗೆ ಅವರು ನೂರಾರು ಮಂದಿ ಇದ್ದರು. ಒಡೆಯರಿಗೆ ಪರಿಹಾರ ಕೊಟ್ಟು ಅವರೆಲ್ಲರಿಗೂ ಬಿಡುಗಡೆಯ ಪತ್ರ ಕೊಡಿಸಲಾಯಿತು.