ಮನೆಯ ಗಣಕಕ್ಕೆ ಕಾವಲು

ದಾವಣಗೆರೆಯು ಹತ್ತಿಯ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಕಾಲದಲ್ಲಿ ಅಲ್ಲಿಯ ವರ್ತಕರ ಮನೆಗಳಲ್ಲಿ ಕಬ್ಬಿಣದ ತಿಜೋರಿ ಇರುತ್ತಿತ್ತು. ಲೆಕ್ಕದ ಪುಸ್ತಕ, ಹೊಲಮನೆಗಳ ಪತ್ರ, ಒಡವೆ, ರೊಕ್ಕ ಎಲ್ಲವೂ ಅದರ ಹೊಟ್ಟೆಯಲ್ಲಿ. ಬೀಗದ ಕೈ ಯಜಮಾನನ ಉಡಿದಾರದಲ್ಲಿ. ಇಂದು ಅಂತಹ ಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪೊಂದು ತೆರೆದು ಬಿದ್ದಿರುತ್ತದೆ. ಬ್ಯಾಂಕಿನ ವ್ಯವಹಾರ, ತೆರಿಗೆಯ ಲೆಕ್ಕ, ಅಂಕಪಟ್ಟಿಗಳ ಪ್ರತಿ, ತೀರಿಹೋದ ಅಜ್ಜಿಯ ಭಾವಚಿತ್ರ, ಮಗಳು ಆರು ತಿಂಗಳು ಕುಳಿತು ಬರೆದ ಪ್ರಬಂಧ, ಇವೆಲ್ಲವೂ ಅದರೊಳಗಿವೆ. ಆದರೆ ಅದರ ಬೀಗದ ವಿಚಾರವನ್ನು ಚಿಂತಿಸುವವರು ವಿರಳ.

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ತಂತ್ರಾಂಶವೆಂಬ ಆಜ್ಞೆಗಳ ಸಮೂಹವು ಹೇಳಿದಂತೆ ಅದು ನಡೆಯುತ್ತದೆ. ಆಜ್ಞೆಯು ಒಳ್ಳೆಯದೋ ಕೆಟ್ಟದ್ದೋ ಎಂದು ವಿಚಾರಿಸುವ ವಿವೇಕ ಅದಕ್ಕಿಲ್ಲ. ಕೇಡನ್ನೆಸಗುವ ಉದ್ದೇಶದಿಂದಲೇ ರಚಿತವಾದ ತಂತ್ರಾಂಶಕ್ಕೆ ಕುತಂತ್ರಾಂಶವೆಂದು ಹೆಸರು. ಇದರಲ್ಲಿ ಹಲವು ಜಾತಿಗಳುಂಟು. ವೈರಸ್ ಎಂಬುದು ಇನ್ನೊಂದು ಕಡತಕ್ಕೆ ಅಂಟಿಕೊಂಡು, ಆ ಕಡತವನ್ನು ತೆರೆದಾಗ ಹರಡುತ್ತದೆ. ವರ್ಮ್ ಎಂಬುದಕ್ಕೆ ಯಾರ ಆಸರೆಯೂ ಬೇಡ. ಜಾಲದ ಮೂಲಕ ತಾನೇ ತೆವಳುತ್ತದೆ. ಟ್ರೋಜನ್ ಉಪಕಾರಿಯ ವೇಷದಲ್ಲಿ ಬರುವ ವಂಚಕ; ಗ್ರೀಕರು ಮರದ ಕುದುರೆಯಲ್ಲಿ ಅಡಗಿ ಟ್ರಾಯ್ ನಗರವನ್ನು ಹೊಕ್ಕ ಕಥೆಯಿಂದ ಅದಕ್ಕೆ ಆ ಹೆಸರು ಬಂದಿತು. ಐ.ಬಿ.ಎಂ. ಮಾದರಿಯ ಗಣಕಗಳಲ್ಲಿ ಹರಡಿದ ಮೊದಲ ವೈರಸ್ಸೆಂದು ಪ್ರಸಿದ್ಧವಾದ ‘ಬ್ರೈನ್’ ಅನ್ನು 1986ರಲ್ಲಿ ಲಾಹೋರಿನ ಇಬ್ಬರು ಸೋದರರು ರಚಿಸಿದರು. ಅವರು ಅದರೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೇ ಬರೆದಿಟ್ಟಿದ್ದರು! ಈಗಿನ ಕಳ್ಳರಿಂದ ಅಷ್ಟು ಸೌಜನ್ಯವನ್ನು ನಿರೀಕ್ಷಿಸುವಂತಿಲ್ಲ.

ಕುತಂತ್ರಾಂಶವು ಮನೆಯನ್ನು ಪ್ರವೇಶಿಸುವ ದಾರಿ ಯಾವುದು? ಅಂತರಜಾಲವು ಹೆದ್ದಾರಿಯೇನೋ ನಿಜ. ಪೆನ್‌ಡ್ರೈವ್ ಎಂಬ ಕಾಲುದಾರಿಯೂ ಅಷ್ಟೇ ಅಪಾಯಕಾರಿ. ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧವನ್ನು ಅದರಲ್ಲಿ ಹಾಕಿಕೊಂಡು ಮುದ್ರಣಕ್ಕಾಗಿ ಝೆರಾಕ್ಸ್ ಅಂಗಡಿಗೆ ಹೋಗುತ್ತಾನೆ. ಆ ಅಂಗಡಿಯ ಗಣಕಕ್ಕೆ ಬೆಳಗಿನಿಂದ ಎಷ್ಟೋ ಮಂದಿಯ ಪೆನ್‌ಡ್ರೈವ್‌ಗಳು ತಗುಲಿರುತ್ತವೆ. ಜಾತ್ರೆಯಲ್ಲಿ ಒಂದೇ ಲೋಟದಿಂದ ಎಲ್ಲರೂ ನೀರು ಕುಡಿದ ಹಾಗೆ. ಮನೆಗೆ ಬಂದು ನೋಡಿದರೆ ಕಡತಗಳು ಮಾಯವಾಗಿ, ಅವೇ ಹೆಸರಿನ, ಮೂಲೆಯಲ್ಲಿ ಪುಟ್ಟ ಬಾಣದ ಗುರುತುಳ್ಳ ಚಿತ್ರಗಳು ಕಾಣಿಸುತ್ತವೆ. ನಿಜವಾದ ಕಡತಗಳು ಅಲ್ಲಿಯೇ ಅಡಗಿರುತ್ತವೆ. ಗಾಬರಿಯಿಂದ ಆ ಬಾಣದ ಚಿತ್ರವನ್ನು ಒತ್ತಿದೊಡನೆ ಕುತಂತ್ರಾಂಶವು ಎಚ್ಚೆತ್ತುಕೊಳ್ಳುತ್ತದೆ. ಮುದ್ರಣಕ್ಕೆಂದೇ ಬೇರೊಂದು ಪೆನ್‌ಡ್ರೈವನ್ನು ಇರಿಸಿಕೊಂಡು, ಮನೆಯಲ್ಲಿ ತೆರೆಯುವ ಮುನ್ನ ಅದನ್ನು ವೈರಸ್ ನಿರೋಧಕದಿಂದ ಪರೀಕ್ಷಿಸುವುದು ಕ್ಷೇಮ.

ಇನ್ನೊಂದು ದಾರಿಯನ್ನು ಮನೆಯವರೇ ತೆರೆದುಕೊಡುತ್ತಾರೆ. ಬೆಲೆಯುಳ್ಳ ತಂತ್ರಾಂಶದ ಕದ್ದ ಪ್ರತಿಯು ಪುಕ್ಕಟೆಯಾಗಿ ದೊರೆಯುತ್ತದೆ. ಅದನ್ನು ಅಳವಡಿಸುವಾಗ ‘ವೈರಸ್ ನಿರೋಧಕವನ್ನು ಸ್ವಲ್ಪ ಹೊತ್ತು ನಿಲ್ಲಿಸಿರಿ’ ಎಂಬ ಸೂಚನೆಯೂ ಬರುತ್ತದೆ. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆಯಿರೆಂದು ಅಪರಿಚಿತನು ಹೇಳಿದರೆ ಯಾರಾದರೂ ಒಪ್ಪುವರೆ? ಪುಕ್ಕಟೆಯಾದುದೆಲ್ಲ ಕೆಟ್ಟದ್ದೆಂದಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಉಚಿತವಾದುದೇ. ಅದನ್ನು ಅದರ ಮೂಲಸ್ಥಾನದಿಂದ ಪಡೆಯಬೇಕೇ ಹೊರತು ದಾರಿಹೋಕರ ಕೈಯಿಂದಲ್ಲ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹೈದರಾಲಿಯ ಸೈನಿಕರು ಹೊಕ್ಕಲೆತ್ನಿಸಿದ್ದು ಹೆಬ್ಬಾಗಿಲಿನಿಂದಲ್ಲ, ಒಂದು ಕಿಂಡಿಯಿಂದ. ಲಕ್ಷಗಟ್ಟಲೆ ಸಾಲುಗಳ ತಂತ್ರಾಂಶದಲ್ಲಿಯೂ ಇಂತಹ ಕಿಂಡಿಗಳು ಉಳಿದಿರುತ್ತವೆ. ತಯಾರಕರು ಅವನ್ನು ಕಂಡುಹಿಡಿದು ಮುಚ್ಚುವ ಕೆಲಸಕ್ಕೆ ಅಪ್‌ಡೇಟ್ ಎನ್ನುತ್ತಾರೆ. 2017ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನ ಒಂದು ಕಿಂಡಿಗೆ ಮುಚ್ಚಳವನ್ನು ಕಳುಹಿಸಿತು. ‘ಆಮೇಲೆ ನೋಡೋಣ’ ಎಂದವರು ಅಸಂಖ್ಯ. ಮೇ 12ರಂದು ‘ವಾನಾಕ್ರೈ’ ಎಂಬ ವರ್ಮ್ ಅದೇ ಕಿಂಡಿಯಿಂದ ನುಗ್ಗಿ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಗಣಕಗಳನ್ನು ಆಕ್ರಮಿಸಿತು. ಅದು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ 300 ಡಾಲರ್ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯೇ ಮುಂದೆ ಹೋಯಿತು. ಮುಚ್ಚಳವು ಸಿದ್ಧವಾಗಿ ಎರಡು ತಿಂಗಳಾಗಿದ್ದರೂ ಹೀಗಾಯಿತೆಂಬುದೇ ಸೋಜಿಗ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿರುವ ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂತಹ ಯಂತ್ರಕ್ಕೆ ಹೊಸ ಆವೃತ್ತಿಯನ್ನಾಗಲಿ, ಲಿನಕ್ಸ್‌ನಂತಹ ಉಚಿತ ವ್ಯವಸ್ಥೆಯನ್ನಾಗಲಿ ಅಳವಡಿಸುವುದು ಅಗತ್ಯ.

ದಾವಣಗೆರೆಗೆ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ತೀರದಲ್ಲಿ, ಹೊಯ್ಸಳರ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದ ಗುಹಾಸುರನನ್ನು ಅವರಿಬ್ಬರೂ ಒಂದೇ ಮೂರ್ತಿಯಾಗಿ ಸಂಹರಿಸಿದರೆಂಬುದು ಅಲ್ಲಿಯ ಸ್ಥಳಪುರಾಣ. ಗಣಕದ ರಕ್ಷಣೆಯೂ ಒಂದೇ ಆಯುಧದಿಂದ ಆಗುವಂತಹುದಲ್ಲ. ವೈರಸ್ ನಿರೋಧಕವು ಹೊಸ ಶತ್ರುವನ್ನು ಗುರುತಿಸದೆ ಹೋಗಬಹುದು. ಆಗ ಖಾತೆಯ ಮಿತಿಯು ನೆರವಿಗೆ ಬರುತ್ತದೆ. ಗಣಕದಲ್ಲಿ ಆಡಳಿತಗಾರನ ಖಾತೆಯೆಂದೂ ಸಾಮಾನ್ಯ ಖಾತೆಯೆಂದೂ ಎರಡು ಬಗೆಯುಂಟು. ಕುತಂತ್ರಾಂಶವು ಯಾರ ಖಾತೆಯಲ್ಲಿ ಚಾಲನೆಗೊಂಡರೆ ಅವರ ಅಧಿಕಾರವನ್ನೇ ಪಡೆಯುತ್ತದೆ. ಮನೆಯ ಎಲ್ಲರೂ ಆಡಳಿತಗಾರನ ಖಾತೆಯಲ್ಲಿಯೇ ಕುಳಿತರೆ ಇಡೀ ಯಂತ್ರವು ಅದರ ವಶವಾದೀತು. ದಿನನಿತ್ಯದ ಓದುಬರಹಕ್ಕೆ ಸಾಮಾನ್ಯ ಖಾತೆಯೇ ಸಾಕು.

ಇನ್ನು ಕೈಯಿಂದಲೇ ನಡೆಯುವ ಕೇಡು. ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಲ್ಯಾಪ್‌ಟಾಪನ್ನು ಒಯ್ಯುವ ವಿದ್ಯಾರ್ಥಿಗೆ ಅದು ಕಳೆದುಹೋಗುವ ಭಯ ಇದ್ದೇ ಇದೆ. ಪಾಸ್‌ವರ್ಡ್ ಇದೆಯಲ್ಲ ಎಂದು ಅನೇಕರು ನೆಮ್ಮದಿಯಿಂದಿರುತ್ತಾರೆ. ಆದರೆ ಅದು ಮುಂಬಾಗಿಲಿನ ಬೀಗ ಮಾತ್ರ. ಒಳಗಿನ ಡಿಸ್ಕನ್ನು ಬಿಚ್ಚಿ ಮತ್ತೊಂದು ಗಣಕಕ್ಕೆ ಜೋಡಿಸಿದರೆ ಪಾಸ್‌ವರ್ಡಿನ ಗೊಡವೆಯಿಲ್ಲದೆ ಎಲ್ಲವನ್ನೂ ಓದಬಹುದು. ಇದನ್ನು ತಡೆಯುವ ಉಪಾಯವೆಂದರೆ ಡಿಸ್ಕನ್ನೇ ಗೂಢಲಿಪಿಯಲ್ಲಿರಿಸುವುದು. ವಾನಾಕ್ರೈ ಕೇಡಿಗೆ ಬಳಸಿದ ವಿದ್ಯೆಯೇ ಇಲ್ಲಿ ಕಾವಲಿಗೆ ಬರುತ್ತದೆ! ವಿಂಡೋಸ್‌ನ ಬಿಟ್‌ಲಾಕರ್ ಈ ಬಗೆಯದು. ಅದು ಕೊಡುವ ಉದ್ದನೆಯ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು, ಮನೆಪತ್ರಗಳ ಜೊತೆಗೆ ಬೀರುವಿನಲ್ಲಿ ಇಡಬೇಕು. ಕಳೆದುಕೊಂಡರೆ ಯಜಮಾನನಿಗೂ ಪ್ರವೇಶವಿಲ್ಲ. ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲನೆಗೊಳಿಸದಂತೆ ಬಯಾಸ್ ಎಂಬ ಮೂಲ ವ್ಯವಸ್ಥೆಗೂ ಪಾಸ್‌ವರ್ಡ್ ಹಾಕಬಹುದು.

ಯಾರಾದರೂ ಲ್ಯಾಪ್‌ಟಾಪನ್ನು ಬಿಚ್ಚಿ ಮುಚ್ಚಿದ್ದಾರೆಯೇ ಎಂದು ತಿಳಿಯುವುದಕ್ಕೂ ಒಂದು ಅಗ್ಗದ ಉಪಾಯವುಂಟು. 2013ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ಇಬ್ಬರು ತಜ್ಞರು ಅದನ್ನು ವಿವರಿಸಿದರು. ತಳದ ಸ್ಕ್ರೂಗಳ ಮೇಲೆ ಮಿನುಗುಪುಡಿ ಬೆರೆತ ಉಗುರುಬಣ್ಣವನ್ನು ಹಚ್ಚಿ, ಒಣಗಿದ ಮೇಲೆ ಹತ್ತಿರದಿಂದ ಭಾವಚಿತ್ರ ತೆಗೆದಿಡಬೇಕು. ಮಿನುಗಿನ ಕಣಗಳು ಹೇಗೆ ಚದುರಿ ನಿಲ್ಲುತ್ತವೆಯೋ ಹಚ್ಚಿದವನಿಗೂ ತಿಳಿಯದು. ಸ್ಕ್ರೂ ತಿರುಗಿಸಿದವನು ಹೊಸದಾಗಿ ಬಣ್ಣ ಬಳಿದರೂ ಅದೇ ವಿನ್ಯಾಸವನ್ನು ಮರಳಿ ತರಲಾರನು.

ಎಷ್ಟು ಎಚ್ಚರವಿದ್ದರೂ ಸೋಂಕು ತಗುಲಬಹುದು. ಆಗ ಮೊದಲು ಅಂತರಜಾಲದ ಸಂಪರ್ಕವನ್ನು ಕಡಿದುಹಾಕಬೇಕು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಶುದ್ಧೀಕರಣದ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಬ್ಯಾಂಕಿನ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಪರರ ಗಣಕದಲ್ಲಿ ದುರುದ್ದೇಶದಿಂದ ಕೈಯಾಡಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಕಡತಗಳಿಗಾಗಿ ಒತ್ತೆಹಣ ತೆತ್ತವರಿಗೆಲ್ಲ ಅವು ಮರಳಿ ದೊರೆಯುತ್ತವೆಂಬ ಭರವಸೆಯಿಲ್ಲ. ತಿಂಗಳಿಗೊಮ್ಮೆ ಅವುಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿರಿಸಿದವರಿಗೆ ಆ ಚಿಂತೆಯಿಲ್ಲ. ಕೆಲಸ ಮುಗಿದೊಡನೆ ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಬೀರುವಿನಲ್ಲಿಡಬೇಕಷ್ಟೆ, ಏಕೆಂದರೆ ಜೋಡಿಸಿಯೇ ಬಿಟ್ಟ ಪ್ರತಿಯನ್ನೂ ಕುತಂತ್ರಾಂಶವು ಬಿಡುವುದಿಲ್ಲ.