ಏಳು ಸುತ್ತಿನೊಳಗಿನ ಮಾತು

(ದೃಶ್ಯ: ಚಿತ್ರದುರ್ಗದ ಕೋಟೆ)
ನಮ್ಮ ದುರ್ಗದ ಕೋಟೆಗೆ ಏಳು ಸುತ್ತು. ಮನೇಲಿ ಮಾನಸಿಕ ಕಾಯಿಲೆಯವರನ್ನ ನೋಡಿಕೊಳ್ಳೋರ ಎದೆಗೆ ಎಷ್ಟು ಸುತ್ತು?

(ದೃಶ್ಯ: ಮಾತ್ರೆ ಡಬ್ಬಿ, ಒಲೆ)
ಮಗ ಮಾತ್ರೆ ನುಂಗಿದನಾ ಅಂತ ನೋಡಿ, ಆಮೇಲೆ ಒಲೆ ಹಚ್ತಾಳೆ ತಾಯಿ. "ಮಗ ಹೇಗಿದಾನೆ?" ಅಂತ ಎಲ್ಲರೂ ಕೇಳ್ತಾರೆ. "ನೀನು ಹೇಗಿದೀಯಮ್ಮ?" ಅಂತ ಕೇಳೋರು ಯಾರು?

(ದೃಶ್ಯ: ರಾಗಿಕಲ್ಲು)
ಹಿರಿಯೂರು, ಹೊಳಲ್ಕೆರೆ ಕಡೆಯ ನಮ್ಮ ಅಜ್ಜಿಯರಿಗೆ ಒಂದು ದಾರಿ ಗೊತ್ತಿತ್ತು. ನಸುಕಲ್ಲಿ ರಾಗಿ ಬೀಸ್ತಾ, ಮನೆಯವರ ಮುಂದೆ ಆಡಲಾಗದ್ದನ್ನ ಕಲ್ಲಿನ ಮುಂದೆ ಹಾಡಿಕೊಳ್ತಿದ್ದರು. ಮಿಲ್ ಬಂತು, ಹಾಡು ನಿಂತಿತು. ಭಾರ ಮಾತ್ರ ಉಳೀತು.

(ದೃಶ್ಯ: ಬಯಲು ರಂಗಮಂದಿರ)
ಆ ಭಾರ ಇಳಿಸೋಕೆ ನಾಟಕವೂ ಒಂದು ದಾರಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಹುಟ್ಟಿದ 'ಶಿವಸಂಚಾರ' ರಂಗತಂಡ ಊರೂರಿಗೆ ನಾಟಕ ಒಯ್ಯುತ್ತೆ. ರಂಗದ ಮೇಲೆ ಯಾರೋ ಅತ್ತರೆ ನಮ್ಮ ಕಣ್ಣೂ ತುಂಬುತ್ತಲ್ಲ, ಅದೇ ಕಲೆಯ ಕೆಲಸ.

(ದೃಶ್ಯ: ನೋಟ್‌ಬುಕ್, ಬಣ್ಣದ ಪೆನ್ಸಿಲ್)
ನೀವೂ ದಿನಕ್ಕೆ ಹತ್ತು ನಿಮಿಷ ತಗೊಳ್ಳಿ. ಹಾಡಿ, ರಂಗೋಲಿ ಬಿಡಿ, ಹಳೇ ನೋಟ್‌ಬುಕ್ಕಲ್ಲಿ ಗೀಚಿ. ಸಿಟ್ಟು ಬಂದ ದಿನ ಪುಟವೆಲ್ಲ ಕೆಂಪಾಗಲಿ. ಚೆಂದ ಇರಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ಸಿಟ್ಟು ಬಂತು ಅಂದ ಮಾತ್ರಕ್ಕೆ ಪ್ರೀತಿ ಕಮ್ಮಿ ಅಂತಲ್ಲ.

ಆದರೆ ಬಣ್ಣ ಔಷಧಿಗೆ ಬದಲಿ ಅಲ್ಲ. ನಿದ್ದೆ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಕಾಯಿಲೆಯವರಿಗಷ್ಟೇ ಅಲ್ಲ, ನಿಮಗೂ.